ಯಾವ ದೇವರಿಗೂ ಇಲ್ಲದ ಹೂವುಗಳು

ಅವ್ವನ ವರ್ಷಾಂತಿಕಕ್ಕೆಂದು ಪುಣೆಗೆ ಹೋದಾಗ ನನಗೆ ಮಾಡಲು ಕೆಲಸವೇ ಇರಲಿಲ್ಲ. ಶ್ರಾದ್ಧ ಮಾಡುವವನು ನನ್ನ ಅಣ್ಣ ವಾಸು. ಅಡುಗೆ, ಮಡಿ, ನೈವೇದ್ಯ ಎಲ್ಲ ಅವನ ಹೆಂಡತಿಯದು. ಅವರನ್ನು ನಾನು ವೈನಿ ಎನ್ನುತ್ತೇನೆ. ನಾನು ಎಂಟನೆಯ ವಯಸ್ಸಿಗೇ ಬೆಳಗಾವಿಗೆ ದತ್ತಕ ಹೋದವನು. ದತ್ತಕ ಹೋದವನಿಗೆ ಹೆತ್ತ ತಾಯಿ ಸತ್ತರೆ ಮೂರೇ ದಿನದ ಸೂತಕ, ಪಿಂಡ ಇಡುವ ಅಧಿಕಾರವಿಲ್ಲ. ಹಿಂದಿನ ವರ್ಷ ತಂತಿ ಬಂದಾಗ ಬೆಳಗಾವಿಯ ಮನೆಯಲ್ಲಿ ಆ ಮೂರು ದಿನ ಕೂತೆ. ನಾಲ್ಕನೆಯ ದಿನ ಸ್ನಾನ ಮಾಡಿ, ಕೋಟು ತೊಟ್ಟು, ಶಾಲೆಗೆ ಹೋಗಿ ಹುಡುಗರಿಗೆ ತ್ರೈರಾಶಿಕ ಕಲಿಸಿದೆ. ಲೆಕ್ಕ ಒಂದೂ ತಪ್ಪಲಿಲ್ಲ. ಹೆಡ್‌ಮಾಸ್ತರರು "ಧೈರ್ಯಸ್ಥರು ನೀವು" ಎಂದರು. ಧೈರ್ಯವೂ ಅಲ್ಲ, ಮಣ್ಣೂ ಅಲ್ಲ. ನನಗೆ ಏನೂ ಅನಿಸಿರಲಿಲ್ಲ, ಅಷ್ಟೇ.

ಶ್ರಾದ್ಧದ ಹಿಂದಿನ ದಿನ ಬೆಳಿಗ್ಗೆ ವೈನಿ ಮನೆಯೆಲ್ಲ ಸಾರಿಸುತ್ತ ನನ್ನನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಓಡಿಸಿದರು. ಕೊನೆಗೆ ಬೇಸತ್ತು, "ಭಾವಜೀ, ನೀವು ಒಂದೀಟು ಹೊರಗ ಅಡ್ಡಾಡಿ ಬರ್ರಿ. ಇಲ್ಲಿ ನಿಮಗ ನಿಲ್ಲಲಿಕ್ಕೂ ಜಾಗಾ ಇಲ್ಲ" ಎಂದರು. ಅವರು ಹೇಳಿದ್ದು ಸಾರಿಸಿದ ನೆಲದ ಮಾತು, ನನಗೆ ಇಡೀ ಮನೆಯ ಮಾತಾಗಿ ಕೇಳಿಸಿತು. ಮಫ್ಲರ್ ಸುತ್ತಿಕೊಂಡು ಹೊರಟೆ. ಸಂಕ್ರಾಂತಿ ಮುಗಿದಿದ್ದರೂ ಚಳಿ ಇಳಿದಿರಲಿಲ್ಲ. ಪೇಠಗಳನ್ನು ದಾಟಿ, ಸುಮ್ಮನೆ ಕಾಲು ಎಳೆದ ಕಡೆ ನಡೆಯುತ್ತ ದಂಡಿನ ಕ್ಯಾಂಪಿನ ಆಚೆಯ ದೊಡ್ಡ ತೋಟದ ಗೇಟಿಗೆ ಬಂದಿದ್ದೆ. ಯುದ್ಧ ಮುಗಿದಿತ್ತು, ಗೇಟಿಗೆ ಮತ್ತೆ ಬಣ್ಣದ ಕಾಗದದ ತೋರಣ ಕಟ್ಟಿದ್ದರು. ಒಳಗೆ ಹೂವಿನ ಪ್ರದರ್ಶನ. ಟಿಕೆಟ್ಟು ತೆಗೆಸಿ ಒಳಗೆ ಹೋದೆ. ಡೇರೆಯ ಬಾಗಿಲಲ್ಲೇ ಒದ್ದೆ ಗೋಣಿತಟ್ಟು, ಹೊಸ ಗೊಬ್ಬರ, ಅವುಗಳ ಮೇಲೆ ಗುಲಾಬಿ, ಮೂರೂ ಸೇರಿದ ವಾಸನೆ ಬಂದು ಮೂಗಿಗೆ ಬಡಿಯಿತು. ಅಲ್ಲೇ ನಿಂತುಬಿಟ್ಟೆ. ಈ ಡೇರೆಗೆ ನಾನು ಒಂದು ಸಲ ಅವ್ವನ ಜೊತೆ ಬಂದಿದ್ದೆ. ಅವಳು ನನ್ನೊಬ್ಬನನ್ನೇ ಎಲ್ಲಿಗಾದರೂ ಕರೆದುಕೊಂಡು ಹೋದದ್ದು ಅದೊಂದೇ ಸಲ.

ಆಗ ನಮ್ಮ ಮನೆ ಸದಾಶಿವ ಪೇಠದ ಒಂದು ವಾಡೆಯ ಮೇಲಿನ ಅಂತಸ್ತಿನಲ್ಲಿತ್ತು. ಧಾರವಾಡದ ಕಡೆಯಿಂದ ಬಂದ ಅಪ್ಪ ಕ್ಯಾಂಪಿನ ಒಂದು ಕಚೇರಿಯಲ್ಲಿ ಗುಮಾಸ್ತ. ಮೆಟ್ಟಿಲ ಮೇಲೆ ಕನ್ನಡ, ಮೆಟ್ಟಿಲ ಕೆಳಗೆ ಮರಾಠಿ. ಅವ್ವನ ಮರಾಠಿ ಮಾತ್ರ ಮೆಟ್ಟಿಲು ಇಳಿಯುವಾಗ ಅರ್ಧ ದಾರಿಯಲ್ಲಿ ಎಡವುತ್ತಿತ್ತು. ನಲ್ಲಿಯ ಹತ್ತಿರ ಹೆಂಗಸರು ನಕ್ಕರೆ ತಾನೂ ನಗುತ್ತಿದ್ದಳು. ಮಕ್ಕಳು ನಾವು ಮೂವರು: ವಾಸು, ನಾನು, ತೊಟ್ಟಿಲಲ್ಲೊಂದು ಕೂಸು. ನನ್ನನ್ನು ಪಾಂಡು ಎಂದು ಕರೆಯುತ್ತಿದ್ದರು.

ಆ ಚಳಿಗಾಲದ ಬೆಳಗುಗಳು ಹಂಡೆಯ ಹೊಗೆಯಿಂದ ಶುರುವಾಗುತ್ತಿದ್ದವು. ಅವ್ವ ನಮ್ಮಿಬ್ಬರನ್ನೂ ಮುಂದೆ ಕೂಡಿಸಿಕೊಂಡು ಎಣ್ಣೆ ಹಚ್ಚಿ, ಬಾಚಿ, ಜುಟ್ಟು ಬಿಗಿಯುತ್ತಿದ್ದಳು. ಕಣ್ಣು ಮೇಲಕ್ಕೆ ಎಳೆಯುವಷ್ಟು ಬಿಗಿ. ಆಮೇಲೆ ನೆತ್ತಿಗೆ ಮೂಗು ಒತ್ತಿ ಒಂದು ಸಲ ದೀರ್ಘವಾಗಿ ಮೂಸಿ, "ಹೂಂ, ಆತು. ನಡಿ" ಎನ್ನುತ್ತಿದ್ದಳು. ಅಂಚೆಯವರು ಮುದ್ರೆ ಒತ್ತಿದ ಹಾಗೆ. ಅದು ಆಗದೆ ನಾವು ಎದ್ದು ಹೋಗುವಂತಿರಲಿಲ್ಲ, ನಮಗೂ ಹೋಗಬೇಕು ಅನಿಸುತ್ತಿರಲಿಲ್ಲ.

ಇನ್ನೊಂದು ಕಟ್ಟುನಿಟ್ಟು ಹೂವಿನದು. ವಾಡೆಯ ಹಿತ್ತಿಲಲ್ಲಿ ಪಾರಿಜಾತ, ಕಣಗಿಲೆ ಇದ್ದವು. ದೇವರಿಗೆ ಹೂ ತರುವ ಕೆಲಸ ನನ್ನದು. ಕಿತ್ತು ತರಬಹುದು, ಮೂಸುವಂತಿಲ್ಲ. ಮೂಸಿದ ಹೂ ದೇವರಿಗೆ ನಡೆಯುವುದಿಲ್ಲ, ಎಂಜಲಿದ್ದ ಹಾಗೆ. ಒಂದು ದಿನ ಪಾರಿಜಾತದ ಬುಟ್ಟಿಯಲ್ಲಿ ನಾನು ಮೂಗು ಅದ್ದಿದ್ದನ್ನು ಅವ್ವ ಮೇಲಿನ ಕಿಟಕಿಯಿಂದ ನೋಡಿಬಿಟ್ಟಳು. ಬೈಯಲಿಲ್ಲ. ಇಳಿದು ಬಂದು, ಬುಟ್ಟಿಯ ಹೂವನ್ನೆಲ್ಲ ಗಿಡದ ಬುಡಕ್ಕೆ ಸುರಿಸಿ, ಕೈ ತೊಳೆಸಿ, "ಮತ್ತ ಆರಿಸು" ಎಂದಳು. ಬೆರಳು ಸೆಟೆದುಹೋಗುವ ಚಳಿಯಲ್ಲಿ ಮತ್ತೆ ಆರಿಸಿದೆ. ಅವ್ವ ಸ್ವತಃ ಹೂ ಮೂಸಿದ್ದನ್ನು ನಾನು ಕಂಡಿರಲಿಲ್ಲ. ಮುಡಿಯುವ ಹೂ ಕೂಡ ದೇವರಿಂದ ಇಳಿದು ಬಂದದ್ದೇ.

ಸಂಕ್ರಾಂತಿಗೆ ಬೆಳಗಾವಿಯಿಂದ ಕಾಕಾ, ಕಾಕು ಬಂದರು. ಕಾಕಾ ಅಪ್ಪನ ಸ್ವಂತ ಅಣ್ಣನಲ್ಲ, ದಾಯಾದಿ. ಆದರೆ ತಂದೆ ತಾಯಿ ಇಲ್ಲದ ಅಪ್ಪನನ್ನು ಮನೆಯಲ್ಲಿ ಇಟ್ಟುಕೊಂಡು ಸಾಕಿ ಓದಿಸಿದವರು. ಅವರ ಮುಂದೆ ಅಪ್ಪ ಕೂತು ಮಾತಾಡಿದ್ದನ್ನು ನಾನು ನೋಡಿಲ್ಲ. ಕಾಕಾಗೆ ಮಕ್ಕಳಿರಲಿಲ್ಲ, ನಶ್ಯದ ಚಟವಿತ್ತು. ಕಾಕು ನನ್ನ ಕೈಗೆ ಎಳ್ಳುಬೆಲ್ಲ ಹಾಕುವಾಗ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಕೈ ಹಿಡಿದುಕೊಂಡಿದ್ದರು. ಊಟವಾದ ಮೇಲೆ ಕಾಕಾ ಪಡಸಾಲೆಯಲ್ಲಿ ಅಪ್ಪನ ಹತ್ತಿರ ಮೆಲ್ಲಗೆ ಏನೋ ಕೇಳಿದರು. ಅಪ್ಪ ನಿಂತಲ್ಲಿಂದಲೇ, "ನೀವು ಹೇಳಿದ ಮ್ಯಾಲೆ ಮುಗೀತ್ರಿ" ಎಂದರು. ಒಳಗೆ ಪಾತ್ರೆ ತೊಳೆಯುವ ಸದ್ದು ನಿಂತಿತು. ಆಮೇಲೆ ಮತ್ತೆ ಶುರುವಾಯಿತು.

ಏನು ಕೇಳಿದರೆಂದು ನನಗೆ ಗೊತ್ತಾದದ್ದು ತಡವಾಗಿ. ದತ್ತಕಕ್ಕೆ ಮುಂಜಿಯಾಗದ ಹುಡುಗ ಬೇಕು. ಹಿರಿಯ ಮಗನನ್ನು ಕೊಡುವಂತಿಲ್ಲ, ಮೊಲೆ ಬಿಡದ ಕೂಸನ್ನು ಒಯ್ಯುವಂತಿಲ್ಲ. ಉಳಿದವನು ನಾನು. ಇದಕ್ಕೆ ತ್ರೈರಾಶಿಕವೂ ಬೇಕಾಗಿರಲಿಲ್ಲ. ಅವ್ವನನ್ನು ಯಾರೂ ಕೇಳಲಿಲ್ಲ. ಮುಹೂರ್ತ ನೋಡಿ ಬರುತ್ತೇವೆಂದು ಕಾಕಾ, ಕಾಕು ಹೋದರು.

ಮರುದಿನ ಬೆಳಿಗ್ಗೆ ಅವ್ವ ಎಣ್ಣೆ ಹಚ್ಚಿದಳು, ಬಾಚಿದಳು, ಜುಟ್ಟು ಬಿಗಿದಳು, ಭುಜ ಹಿಡಿದು ಮುಂದಕ್ಕೆ ನೂಕಿದಳು. ನಾನು ಕೂತೇ ಇದ್ದೆ. "ಏಳೋ, ಆತಲ್ಲ" ಎಂದಳು. ನೆತ್ತಿ ಮೂಸಲಿಲ್ಲ. ಮರೆತಿರಬೇಕು ಎಂದುಕೊಂಡೆ. ಅದರ ಮರುದಿನವೂ ಇಲ್ಲ. ವಾಸುವಿನ ನೆತ್ತಿಯನ್ನು ಎಂದಿನ ಹಾಗೆ ಮೂಸಿದಳು. ನನ್ನ ತಲೆ ನಾರುತ್ತಿದೆಯೇನೋ ಎಂದು ಹಿತ್ತಿಲಿಗೆ ಹೋಗಿ ಸೀಗೆಪುಡಿ ಹಾಕಿ ಕಣ್ಣುರಿಯುವ ತನಕ ತಿಕ್ಕಿಕೊಂಡೆ. ಒದ್ದೆ ತಲೆಯಲ್ಲಿ ನೆಗಡಿ ಬಂದದ್ದೇ ಲಾಭ. ಅವ್ವ ಕಷಾಯ ಕುಡಿಸಿದಳು, ಸೆರಗಿನಿಂದ ತಲೆ ಒರೆಸಿದಳು. ಮೂಸಲಿಲ್ಲ.

ಹೀಗಿರುವಾಗ ಅಪ್ಪನ ಕಚೇರಿಯ ಸಾಹೇಬ ಪ್ರದರ್ಶನದ ಎರಡು ಪಾಸು ಕೊಟ್ಟ. ಅಪ್ಪ ವಾಸುವನ್ನು ಕರೆದುಕೊಂಡು ಹೋಗುವುದೆಂದು ನಿಶ್ಚಯವಾಗಿತ್ತು. ವಾಸು ಎರಡು ದಿನದಿಂದ ನನ್ನನ್ನು ಅದರಲ್ಲೇ ಉರಿಸುತ್ತಿದ್ದ. ಹೊರಡುವ ಬೆಳಿಗ್ಗೆ ಅವ್ವ ಅಡುಗೆಮನೆಯ ಬಾಗಿಲಿಗೆ ಬಂದು, "ನಾ ಪಾಂಡೂನ್ನ ಕರಕೊಂಡು ಹೋಗ್ತೀನಿ" ಎಂದಳು.

"ಎಲ್ಲಿಗೆ?" ಎಂದರು ಅಪ್ಪ.

"ಆ ಹೂವಿನ ಜಾತ್ರಿಗೆ."

ಗುಡಿಗೆ ಬಿಟ್ಟರೆ ಎಲ್ಲಿಗೂ ಹೋಗದವಳು, ಏನನ್ನೂ ಬಾಯಿಬಿಟ್ಟು ಕೇಳದವಳು. ಅಪ್ಪ ಅವಳ ಮುಖ ನೋಡಿದರು, ಪಾಸು ತೆಗೆದು ದೇವರ ಗೂಡಿನಲ್ಲಿಟ್ಟು, ಟಾಂಗಾ ಕರೆಯಲು ತಾವೇ ಇಳಿದು ಹೋದರು. ವಾಸು ಅತ್ತ. ನನಗೆ ಲೋಕ ಗೆದ್ದ ಸಂಭ್ರಮ.

ಕೆಳಗಿನ ಮನೆಯವರ ಹತ್ತಿರ ಕೂಸನ್ನು ಬಿಟ್ಟು ನಾವು ಹೊರಟೆವು. ಅವ್ವ ಇಳಕಲ್ ಸೀರೆ ಉಟ್ಟಿದ್ದಳು, ತೊಡೆಯ ಮೇಲೆ ಅವಲಕ್ಕಿಯ ಡಬ್ಬಿ, ನೀರಿನ ತಂಬಿಗೆ. ಹೊರಗೆ ತಿನ್ನುವ ಪದ್ಧತಿ ಇರಲಿಲ್ಲ. ದಾರಿಯುದ್ದಕ್ಕೂ ಅವಳು ಕುದುರೆಯ ಬೆನ್ನನ್ನೇ ನೋಡುತ್ತಿದ್ದಳು. ತೋಟದೊಳಗೆ ಪಲ್ಟಣದ ಬ್ಯಾಂಡು ಬಾರಿಸುತ್ತಿತ್ತು. ಅವ್ವ ನಿಂತು, "ಯಾರ ಮುಂಜಿವಿ ಅದ?" ಎಂದು ಕೇಳಿದಳು. ವಾದ್ಯವೆಂದರೆ ಲಗ್ನ ಇಲ್ಲವೆ ಮುಂಜಿ, ಅವಳಿಗೆ ಮೂರನೆಯದು ಗೊತ್ತಿರಲಿಲ್ಲ. ನಾನು ನಕ್ಕೆ. ಅವಳೂ ಸ್ವಲ್ಪ ನಕ್ಕಳು.

ಡೇರೆಯೊಳಗೆ ಮೊದಲು ಕಾಯಿಪಲ್ಲೆ. ಕೂಸಿನ ತಲೆಯಷ್ಟಲ್ಲ, ಕೂಸಿನಷ್ಟೇ ದೊಡ್ಡ ಹೂಕೋಸುಗಳನ್ನು ಬಿಳಿ ಬಟ್ಟೆಯ ಮೇಲೆ ಮಲಗಿಸಿದ್ದರು. "ಇದನ್ನ ಹೆಚ್ಚೂದು ಯಾರು, ತಿನ್ನೂದು ಯಾರು" ಎಂದಳು ಅವ್ವ. ಮುಂದೆ ಹೂವು. ಸೇವಂತಿಗೆ, ಡೇಲಿಯಾ, ನಮಗೆ ಹೆಸರು ಗೊತ್ತಿಲ್ಲದ ಸಾಹೇಬರ ಹೂವುಗಳು, ಕೊನೆಯಲ್ಲಿ ಒಂದು ಸಾಲು ತುಂಬ ಗುಲಾಬಿ. ಅವ್ವ ಕೈ ಹಿಂದಕ್ಕೆ ಕಟ್ಟಿಕೊಂಡು, ಸೆರಗು ತಾಕದಂತೆ ಹಿಡಿದು, ಗರ್ಭಗುಡಿಯ ಮುಂದೆ ನಡೆದ ಹಾಗೆ ನಡೆದಳು. ಬಾಯಲ್ಲಿ ಮಾತ್ರ ಹಂಚಿಕೆ ನಡೆದಿತ್ತು. "ಕೆಂಪು ಗಣಪ್ಪಗ. ಈ ಬಿಳೀದು ಈಶ್ವರಗ. ಹಳದೀದು ಗುರುವಾರ ರಾಯರಿಗೆ." ನಮ್ಮೆದುರೇ ಸಾಹೇಬರ ಪೈಕಿ ಒಬ್ಬ ಮಡ್ಡಮ್ಮ ಟೊಪ್ಪಿಗೆ ಹಿಂದಕ್ಕೆ ಸರಿಸಿ, ಗುಲಾಬಿಯೊಳಗೆ ಮೂಗು ತುರುಕಿ ಕಣ್ಣು ಮುಚ್ಚಿದಳು. ಅವ್ವ ಗಾಬರಿಯಾಗಿ ನನ್ನ ರಟ್ಟೆ ಹಿಡಿದಳು. ಆ ಮಡ್ಡಮ್ಮನಿಗೆ ಬೈಯುತ್ತಾಳೇನೋ ಅಂದುಕೊಂಡೆ.

ಅಲ್ಲಿ ಒಬ್ಬ ಮುದುಕ ಮಾಲಿ ಕುಂಡಗಳಿಗೆ ನೀರು ಚಿಮುಕಿಸುತ್ತಿದ್ದ. ಅವ್ವ ಬಹಳ ಹೊತ್ತು ಧೈರ್ಯ ಕೂಡಿಸಿ, ತನ್ನ ಎಡವುವ ಮರಾಠಿಯಲ್ಲಿ, ಇಷ್ಟೆಲ್ಲ ಹೂವು ಆಮೇಲೆ ಯಾವ ದೇವಸ್ಥಾನಕ್ಕೆ ಹೋಗುತ್ತದೆ ಎಂದು ಕೇಳಿದಳು.

"ಕುಠೇಚ್ ನಾಹೀ, ಬಾಯಿ" ಎಂದ ಅವನು. ಎಲ್ಲಿಗೂ ಇಲ್ಲ. ಜನ ನೋಡುತ್ತಾರೆ, ಸಾಹೇಬರು ಬಹುಮಾನ ಕೊಡುತ್ತಾರೆ, ಒಣಗಿದ ಮೇಲೆ ಗೊಬ್ಬರದ ಗುಂಡಿಗೆ ಹಾಕುತ್ತೇವೆ ಎಂದು ಕೈ ತಿರುವಿದ.

ಅವ್ವ ನನ್ನ ಕಡೆ ತಿರುಗಿ, "ಯಾರಿಗೂ ಕೊಡೂದಿಲ್ಲಂತ" ಎಂದಳು.

"ಹಂಗಾರ ಮೂಸಬಹುದಲ್ಲವ್ವಾ?" ಎಂದೆ. ನಾನು ಕೇಳಿದ್ದು ಹುಡುಗರ ಲೆಕ್ಕಾಚಾರ. ಅವ್ವ ಗುಲಾಬಿಯ ಸಾಲನ್ನು ಈ ತುದಿಯಿಂದ ಆ ತುದಿಗೆ ಒಮ್ಮೆ ನೋಡಿದಳು.

"ಮೂಸು" ಎಂದಳು ಕೊನೆಗೆ.

ನಾನು ಬೆರಳ ತುದಿಯಲ್ಲಿ ನಿಂತು ಒಂದು ಕೆಂಪು ಗುಲಾಬಿಗೆ ಮೂಗಿಟ್ಟೆ. ನೆಗಡಿ ಇತ್ತು, ಅರ್ಧ ವಾಸನೆಯೇ ಬಂತು. ತಿರುಗಿ ನೋಡಿದರೆ ಅವ್ವನೂ ಬಗ್ಗಿದ್ದಳು. ಒಂದೇ ಹೂವಿನ ಮೇಲೆ ಮೂಗಿಟ್ಟು, ನಮ್ಮ ನೆತ್ತಿಯನ್ನು ಮೂಸುತ್ತಿದ್ದ ಹಾಗೆ ದೀರ್ಘವಾಗಿ ಉಸಿರೆಳೆದುಕೊಂಡಳು. ತಲೆ ಎತ್ತಿದಾಗ ಅವಳ ಮುಖದಲ್ಲಿ ಖುಷಿಯೂ ಇರಲಿಲ್ಲ, ದುಃಖವೂ ಇರಲಿಲ್ಲ. ಮೂಗಿನ ನತ್ತಿನ ಮೇಲೆ ನೀರಿನ ಹನಿ ಕೂತಿತ್ತು. ಮಾಲಿ ಚಿಮುಕಿಸಿದ ನೀರು.

ಮಧ್ಯಾಹ್ನ ಕಾಲುವೆಯ ಪಕ್ಕದ ಮರದ ಕೆಳಗೆ ಕೂತು ಅವಲಕ್ಕಿ ತಿಂದೆವು. ಅವಳು ತನ್ನ ಪಾಲಿನದನ್ನೂ ನನ್ನ ಕೈಗೇ ಹಾಕಿದಳು.

"ಬೆಳಗಾಂವಿಗೆ ಹೋಗ್ತೀಯೇನು?" ಎಂದಳು.

"ರೈಲಿನ್ಯಾಗ?"

"ಹೂಂ, ರೈಲಿನ್ಯಾಗ. ಕಾಕೂ ಮನ್ಯಾಗ ಎಮ್ಮಿ ಅದ. ದಿನಾ ಕೆನಿ ಹಾಲು ಕೊಡ್ತಾಳ."

"ನೀ?"

"ನಾ ಹ್ಯಾಂಗ ಬರಲೋ. ವಾಸೂನ ಸಾಲಿ ಅದ, ಕೂಸದ."

ರೈಲೆಂದರೆ ನನಗೆ ಜೀವ. "ಹೋಗ್ತೀನಿ" ಎಂದೆ. ಅವಳು ಡಬ್ಬಿಯ ಮುಚ್ಚಳ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. ಬಿಸಿಲಿಗೆ, ನೆಗಡಿಗೆ ನನಗೆ ನಿದ್ದೆ ಬರುತ್ತಿತ್ತು. ಅವಳಿಗೆ ಒರಗಿಕೊಂಡೆ. ಗುಲಾಬಿ ಮೂಸಿದವಳು ನನ್ನ ತಲೆಯನ್ನೂ ಮೂಸುತ್ತಾಳೆಂದು ಬೇಕೆಂದೇ ನೆತ್ತಿಯನ್ನು ಅವಳ ಮೂಗಿನ ಕೆಳಗೆ ತಂದೆ. ಅವಳು ಥಟ್ಟನೆ ಮುಖ ಆಚೆ ತಿರುಗಿಸಿದಳು. ಕಾಯ್ದ ಪಾತ್ರೆ ತಾಗಿದವರ ಹಾಗೆ. ಆಮೇಲೆ ಅಂಗೈಯನ್ನು ನನ್ನ ನೆತ್ತಿಯ ಮೇಲಿಟ್ಟು, ಅದನ್ನು ಮುಚ್ಚಿ ಒತ್ತಿ ಹಿಡಿದಳು. ಟಾಂಗಾ ಬರುವ ತನಕ ತೆಗೆಯಲಿಲ್ಲ.

ಅಲ್ಲಿಂದಲೇ ನನ್ನೊಳಗೆ ಏನೋ ಮರಗಟ್ಟಿತು ಎಂದು ಈಗ ಅನಿಸುತ್ತದೆ. ಮುಂದಿನ ವಾರ ಮನೆಯಲ್ಲಿ ಹೋಮ ನಡೆಯಿತು. ಕಾಕಾ ಅಪ್ಪನ ಮುಂದೆ ಕೈಯೊಡ್ಡಿ ಮಗನನ್ನು ಕೊಡು ಎಂದು ಮಂತ್ರದಲ್ಲಿ ಕೇಳಿದರು. ಕೊಟ್ಟೆ ಎಂದು ಅಪ್ಪ ಮಂತ್ರದಲ್ಲಿ ಹೇಳಿದರು. ಅಪ್ಪನ ಕೈಯ ಮೇಲೆ ಅವ್ವ ನೀರು ಬಿಟ್ಟಳು. ಧಾರೆ ಒಂದೇ ಸಮ ಬಿತ್ತು. ಕಾಕಾ ನನ್ನನ್ನು ತೊಡೆಯ ಮೇಲೆ ಕೂಡಿಸಿಕೊಂಡರು. ಪುರೋಹಿತರು, "ಈಗ ಮಗನ ನೆತ್ತಿ ಮೂಸ್ರಿ ರಾಯರ. ಮೂಸಿದ ಮ್ಯಾಲೆ ಹುಡುಗ ನಿಮ್ಮವ" ಎಂದರು. ಕಾಕಾ ಬಗ್ಗಿ ಮೂಸಿದರು. ನಶ್ಯದ ಘಾಟಿಗೆ ನಾನು ಸೀನಿದೆ. ಎಲ್ಲರೂ ನಕ್ಕು ಸಕ್ಕರೆ ಹಂಚಿದರು. ಅವ್ವ ತಂಬಿಗೆ ಹಿಡಿದುಕೊಂಡು ಒಳಗೆ ಹೋದಳು. ನನ್ನ ಹೆಸರು ಗೋವಿಂದ ಆಯಿತು.

ಆಮೇಲಿನ ವರ್ಷಗಳಲ್ಲಿ ಪುಣೆಗೆ ಆಗಾಗ ಬರುತ್ತಿದ್ದೆ. ಅವ್ವ ನನಗೆ ಅತಿಥಿಗಳ ಮಣೆ ಹಾಕುತ್ತಿದ್ದಳು. ಪಾಂಡು ಎಂದೂ ಕರೆಯಲಿಲ್ಲ, ಗೋವಿಂದ ಎಂದೂ ಕರೆಯಲಿಲ್ಲ. "ನಿಮ್ಮವ್ವ ಆರಾಮ ಇದ್ದಾಳೇನು?" ಎಂದು ಕಾಕುವಿನ ಕ್ಷೇಮ ಕೇಳುತ್ತಿದ್ದಳು. "ಹೌದು" ಎನ್ನುತ್ತಿದ್ದೆ. ಬಡಿಸುವಾಗ ತುಪ್ಪ ಹೆಚ್ಚು ಬೀಳುತ್ತಿತ್ತು, ಮಾತು ಕಡಿಮೆ. ಕಾಕು ನನ್ನನ್ನು ಚೆನ್ನಾಗಿಯೇ ಸಾಕಿದರು, ಅದರಲ್ಲಿ ಮಾತಿಲ್ಲ. ಆದರೆ ಒಂದು ಪ್ರಶ್ನೆ ಮಾತ್ರ ನನ್ನೊಳಗೆ ಹಾಗೇ ಕೂತಿತ್ತು. ನನ್ನನ್ನು ಕೊಡುವಾಗ ಅವಳಿಗೆ ಏನಾದರೂ ಅನಿಸಿತೆ? ಕೊಡುವುದು ಅಪ್ಪನ ಮಾತಿರಬಹುದು. ಮರದ ಕೆಳಗೆ ಮುಖ ತಿರುಗಿಸಿದವಳು ಅವಳೇ. ಹೋಮಕ್ಕೆ ಮೊದಲೇ ಅವಳು ನನ್ನನ್ನು ಬಿಟ್ಟುಬಿಟ್ಟಿದ್ದಳು ಎಂದು ನಾನು ತೀರ್ಮಾನಿಸಿದ್ದೆ. ಅದನ್ನು ಒಪ್ಪಿಕೊಂಡ ಮೇಲೆ ನೋವೂ ಆಗುತ್ತಿರಲಿಲ್ಲ.

ಇಷ್ಟೆಲ್ಲ ಆ ಡೇರೆಯೊಳಗೆ ನೆನಪಾಯಿತು. ಹೂಕೋಸುಗಳು ಈಗ ಅಷ್ಟು ದೊಡ್ಡವು ಅನಿಸಲಿಲ್ಲ. ಹೊರಗೆ ಬರುವಾಗ ಗೇಟಿನ ಹತ್ತಿರ ಹೂ ಮಾರುತ್ತಿದ್ದರು. ಒಂದು ಕೆಂಪು ಗುಲಾಬಿ ಕೊಂಡೆ. ದಾರಿಯಲ್ಲಿ ಎರಡು ಮೂರು ಸಲ ಮೂಸಿದೆ. ಈ ಸಲ ನೆಗಡಿ ಇರಲಿಲ್ಲ.

ಮನೆಯಲ್ಲಿ ವೈನಿ ಪಡಸಾಲೆಯ ಗೋಡೆಯ ಮೇಲಿನ ಅವ್ವನ ಫೋಟೋ ಒರೆಸುತ್ತಿದ್ದರು. ನನ್ನ ಕೈಯಲ್ಲಿ ಹೂ ನೋಡಿ ಮುಖ ಅರಳಿತು.

"ಅತ್ತೀಗೆ ತಂದೀರೇನು ಭಾವಜೀ? ತರ್ರಿ, ಫೋಟೋಕ್ಕ ಇಡ್ತೀನಿ" ಎಂದು ಕೈ ಚಾಚಿದವರು ಅರ್ಧಕ್ಕೇ ನಿಲ್ಲಿಸಿದರು. "ಮೂಸಿಲ್ಲ ಹೌದಲ್ಲ?"

"ಮೂಸಿದೆ" ಎಂದೆ.

"ಅಯ್ಯ, ಹಂಗಿದ್ರ ಬ್ಯಾಡ್ರಿ" ಎಂದು ಕೈ ಹಿಂದಕ್ಕೆ ತೆಗೆದುಕೊಂಡರು. "ಅತ್ತಿ ಇದ್ದಾಗ ಈ ವಿಷಯದಾಗ ಭಾಳ ಕಟ್ಟುನಿಟ್ಟು. ಒಮ್ಮೆ ಯಾಕ್ರಿ ಅಂತ ಕೇಳಿದ್ದೆ. ಕೊಡೂದನ್ನ ಮೂಸಬಾರದವ್ವಾ, ಮೂಸಿದ್ರ ಅದು ನಮ್ಮದಾಗಿಬಿಡ್ತದ, ಆಮ್ಯಾಲೆ ಕೊಡಲಿಕ್ಕೆ ಕೈ ಬರೂದಿಲ್ಲ, ಅಂದ್ರು. ಅಂದು, ಯಾಕೋ ಎದ್ದು ಹಿತ್ತಲಕ್ಕ ಹೋಗಿಬಿಟ್ರು."

ಆ ಸಂಕ್ರಾಂತಿಯ ಮರುದಿನದಿಂದ ಅವ್ವ ನನ್ನ ನೆತ್ತಿ ಮೂಸಿರಲಿಲ್ಲ. ಮರದ ಕೆಳಗೆ ಅದು ಅವಳ ಮೂಗಿನ ಕೆಳಗೇ ಇತ್ತು. ಮುಖ ತಿರುಗಿಸಿದಳು. ಮೂಸಿದ್ದರೆ ಕೊಡಲು ಆಗುತ್ತಿರಲಿಲ್ಲ.

ವರ್ಷದ ಹಿಂದೆ ಬರಬೇಕಾಗಿದ್ದ ಅಳು ಆಗ ಬಂತು. ವೈನಿ ಗಾಬರಿಯಾಗಿ ಒಳಗಿನಿಂದ ನೀರು ತಂದರು. ಏನಾಯಿತೆಂದು ಕೇಳಲಿಲ್ಲ, ಒಳ್ಳೆಯ ಹೆಂಗಸು. ಸ್ವಲ್ಪ ಹೊತ್ತಿಗೆ ಮೆಲ್ಲಗೆ, "ಆ ಹೂ ಇತ್ತ ಕೊಡ್ರಿ, ಗಿಡದ ಬುಡಕ್ಕ ಹಾಕ್ತೀನಿ" ಎಂದರು.

"ಬ್ಯಾಡ್ರಿ ವೈನಿ" ಎಂದೆ. "ಇದು ಕೊಡೂ ಹೂವಲ್ಲ."